ಸಿಹಿನೀರಿನ ತೊಟ್ಟಿ ಕಾಯುವ ಉಮ್ ಸತ್ತಾರ್

ಬಸ್ರಾದಲ್ಲಿ ಇನ್ನೂ ಬೆಳಕು ಹರಿದಿಲ್ಲ, ಕರೆಂಟೂ ಇಲ್ಲ. ನಜೀಹಾ ಜನರೇಟರ್ ಎಳೆದು, ಕಪ್ಪು ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಮೂರು ಗಾಜಿನ ತೊಟ್ಟಿಗಳ ಮುಂದೆ ಟಾರ್ಚ್ ಹಿಡಿದು ಕೂರುತ್ತಾಳೆ. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಸವುಳು ನೀರು, ಮತ್ತೊಂದರಲ್ಲಿ ಸಮುದ್ರದಷ್ಟೇ ಉಪ್ಪು. ರೆಪ್ಪೆಗೂದಲಿನಷ್ಟೂ ಇಲ್ಲದ ಸಿಗಡಿ ಮರಿಗಳು ತಲೆಕೆಳಗಾಗಿ ಈಜುತ್ತ ಬೆಳಕಿನತ್ತ ಬರುತ್ತವೆ.

"ಬೆಳಕಿಗೆ ಬರದೆ ತಳದಲ್ಲೇ ಉಳಿದವನ್ನ ಹೀರಿ ತೆಗೀಬೇಕು. ಬಿಟ್ರೆ ನೀರು ಕೊಳೆತು ಬದುಕಿದ್ದವೂ ಹೋಗ್ತವೆ," ಎನ್ನುತ್ತ ಕೊಳವೆಗೆ ಬಾಯಿ ಹಚ್ಚುತ್ತಾಳೆ.

ಓಣಿಯವರಿಗೆಲ್ಲ ಅವಳು ಉಮ್ ಸತ್ತಾರ್, ಸತ್ತಾರನ ತಾಯಿ. ಹುಟ್ಟಿದ್ದು ಹೊಳೆಯ ಮೇಲ್ಭಾಗದ ಸಿಹಿನೀರಿನ ಜವುಗಿನಲ್ಲಿ, ಬೆಸ್ತರ ಮನೆಯಲ್ಲಿ. ಗಂಡ ತೀರಿದ ಮೇಲೆ ಈ ಪ್ರಯೋಗಾಲಯಕ್ಕೆ ಕಸ ಗುಡಿಸಲು ಬಂದವಳ ಕೈಗೆ ತೊಟ್ಟಿಗಳು ಬಂದವು. ಇಂದಿಗೂ ದಿನಗೂಲಿಯೇ.

ತೊಟ್ಟಿಯಲ್ಲಿರುವುದು ಪರದೇಶಿ ಸಿಗಡಿ. ಯಾವ ಹಡಗಿನ ಜೊತೆ ಬಂತೋ, ನಾಡಸಿಗಡಿಯನ್ನು ಒತ್ತರಿಸಿ ಹೊಳೆ ತುಂಬಿಕೊಂಡಿದೆ. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಹೊಳೆಗೆ ಏರಿದಾಗ ಮರಿಗಳು ಬೇಗ ಬೆಳೆಯುತ್ತವೆ. ಸಿಹಿನೀರಿನಲ್ಲಿ ಬದುಕಲಾರವು ಎಂದಾದರೆ ಜವುಗಿಗೆ ಭಯವಿಲ್ಲ. ಅವಳ ತಮ್ಮ ಚಾಸಿಬ್ ಬಲೆ ಬಿಡುವುದು ಅಲ್ಲಿಯೇ. ನಾಡಸಿಗಡಿಯೇ ಅವನ ಅನ್ನ. ಬಲೆಯಲ್ಲಿ ಆಗೊಂದು ಈಗೊಂದು ಪರದೇಶಿ ಸಿಕ್ಕರೆ, ಹೊಳೆಯಿಂದ ದಾರಿ ತಪ್ಪಿ ಬಂದದ್ದು ಎಂದುಕೊಳ್ಳುತ್ತಾನೆ.

ಈ ಮೊಹರಮ್‌ನಲ್ಲಿ ಸಿಹಿನೀರಿನ ಮರಿಗಳೆಲ್ಲ ಸತ್ತವು. ಪ್ರಯೋಗ ನಡೆಸುವ ವಿಜ್ಞಾನಿ ಡಾಕ್ಟರ್ ಬಲ್ಕೀಸ್‌ಗೆ ಸಮಾಧಾನ. "ಅಂದ್ಕೊಂಡ ಹಾಗೇ ಆಯ್ತು, ಉಮ್ ಸತ್ತಾರ್. ಉಪ್ಪಿಲ್ಲದೆ ಇವಕ್ಕೆ ಬಾಳುವೆ ಇಲ್ಲ."

ತೊಟ್ಟಿ ತೊಳೆಯುವಾಗ ನಜೀಹಾಳ ಮೂಗಿಗೆ ಪನ್ನೀರಿನ ವಾಸನೆ ಬಡಿಯಿತು. ಆ ವಾರ ಸಿಹಿನೀರಿನ ಲಾರಿ ಬಂದಿರಲಿಲ್ಲ. ನಲ್ಲಿಯದು ಉಪ್ಪು. ಓಣಿಯ ಅರವಟ್ಟಿಗೆಯವರು, "ಹುಸೇನರ ಹೆಸರಲ್ಲಿ ಇಟ್ಟ ನೀರು, ಕೇಳ್ಬೇಕಾ? ತಗೊಂಡು ಹೋಗು," ಎಂದು ಕ್ಯಾನು ತುಂಬಿ ಕೊಟ್ಟಿದ್ದರು. ಆ ದಿನಗಳಲ್ಲಿ ಅರವಟ್ಟಿಗೆಯ ನೀರಿಗೆ ಪನ್ನೀರು ಬೀಳದೆ ಇರುವುದಿಲ್ಲ. ವರ್ಷ ವರ್ಷ ಕುಡಿದ ನಾಲಿಗೆಗೆ ಅದು ಬರೀ ನೀರೇ; ಯೋಚಿಸದೆ ಅದನ್ನೇ ತೊಟ್ಟಿಗೆ ಸುರಿದಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರಿಗಳನ್ನು ಕೊಂದದ್ದು ಪನ್ನೀರೂ ಇರಬಹುದು ಎಂದು, ಕೆಲಸ ಹೋದರೆ ಎಂಬ ಅಳುಕಿನಲ್ಲೇ ಹೇಳಿದಳು.

ಡಾಕ್ಟರ್ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಆಮೇಲೆ, "ಸಿಗಡಿಗೂ ಅತ್ತರು ಹಚ್ಚಿಬಿಟ್ಯಲ್ಲ ಮಾರಾಯ್ತಿ," ಎಂದರು. ಮೊಟ್ಟೆ ಹೊತ್ತ ತಾಯಿ ಸಿಗಡಿ ಉಳಿದಿದ್ದುದು ಒಂದೇ. ಅದರ ಮರಿಗಳಿಂದ ಮತ್ತೆ ಶುರು ಮಾಡಿದರು.

ಅವೇ ಇವು. ಸಿಹಿನೀರಿನಲ್ಲಿ ಬಹಳಷ್ಟು ಸತ್ತಿವೆ, ಎಲ್ಲ ಅಲ್ಲ. ಇಂದು ಬೆಳಿಗ್ಗೆ ನಾಲ್ಕು ಮರಿ ನೆಟ್ಟಗೆ ತಿರುಗಿ ತಳದ ಮೇಲೆ ನಡೆಯುತ್ತಿವೆ. ನೆಟ್ಟಗಾದವೆಂದರೆ ಮರಿತನ ಮುಗಿದು ಸಿಗಡಿಯಾದಂತೆ.

ಅವಳು ತಮ್ಮನಿಗೆ ಫೋನು ಹಚ್ಚಿ ಪನ್ನೀರಿನಿಂದ ಹಿಡಿದು ಈ ನಾಲ್ಕು ಮರಿಯವರೆಗೆ ಎಲ್ಲ ಹೇಳುತ್ತಾಳೆ.

"ನೀನು ಬಾಯಿ ಮುಚ್ಕೊಂಡಿದ್ರೆ ನಾನು ನೆಮ್ಮದಿಯಾಗಿ ಇರ್ತಿದ್ದೆ ಕಣಕ್ಕಾ," ಎನ್ನುತ್ತಾನೆ ಚಾಸಿಬ್.

"ಇರ್ತಿದ್ದೆ. ನಿನ್ನ ಬಲೆ ಕೆಳಗೇ ಅವು ಮರಿ ಮಾಡ್ತಾ ಇರ್ತಿದ್ವು," ಎನ್ನುತ್ತಾಳೆ ಅಕ್ಕ. "ಇನ್ಮೇಲೆ ಮೊಟ್ಟೆ ಹೊತ್ತ ಪರದೇಶಿ ಸಿಕ್ರೆ ಸಂತೆಗೆ ಹಾಕ್ಬೇಡ. ಜೀವಂತ ನನ್ಹತ್ರ ಕಳಿಸು. ನಿಮ್ಮ ಜವುಗಿನವುಗಳ ಮರಿ ಯಾವ ನೀರಲ್ಲಿ ನೆಟ್ಟಗಾಗ್ತವೆ ಅಂತ ನಾನು ನೋಡ್ಬೇಕು."