ತನ್ನವರನ್ನೇ ಕೇಳಿದವನು

ನಾನು ಹುಟ್ಟಿನಿಂದಲೇ ಅನುಮಾನದ ಮನುಷ್ಯ. ಕೋಯಂಬೇಡು ಮಾರುಕಟ್ಟೆಯಲ್ಲಿ ಟೊಮೇಟೊ ಕೊಳ್ಳುವಾಗ ಮೇಲಿನ ಹಣ್ಣು ನೋಡುವುದಿಲ್ಲ, ಸೀದಾ ಬುಟ್ಟಿಯ ತಳಕ್ಕೆ ಕೈ ಹಾಕುತ್ತೇನೆ. ಮೈಸೂರು ಬಿಟ್ಟು ಈ ತಮಿಳು ಊರಿಗೆ ಬಂದು ಹತ್ತು ವರ್ಷವಾದರೂ ಆಟೋ ಹತ್ತಿದರೆ ಫೋನಿನಲ್ಲಿ ದಾರಿ ತೆರೆದಿಟ್ಟುಕೊಂಡೇ ಕೂರುತ್ತೇನೆ. ಹೆಂಡತಿ ಬೈಯುತ್ತಾಳೆ. ಆದರೆ ನನಗೆ ಅನ್ನ ಹಾಕಿದ್ದು ಇದೇ ಗುಣ. ಗಿಂಡಿಯ ಒಂದು ಕಚೇರಿಯಲ್ಲಿ, ಬೇರೆಯವರು ಕೇಳಿಸಿಕೊಂಡು ಟೈಪ್ ಮಾಡಿದ್ದರಲ್ಲಿ ತಪ್ಪು ಹುಡುಕಿ ತಿದ್ದುವುದು ನನ್ನ ಕೆಲಸ.

ಕೇಳಿಸಿಕೊಳ್ಳುವುದು ಅಮೆರಿಕದ ಜಗಳವನ್ನು. ಅಲ್ಲಿನ ಸಂಸತ್ತಿನ ಸಮಿತಿಗಳು ಸರ್ಕಾರದ ದೊಡ್ಡ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುತ್ತವೆ. ಅಲ್ಲಿ ಸಂಜೆ ಮುಗಿದದ್ದರ ಆಡಿಯೋ ಇಲ್ಲಿ ಬೆಳಿಗ್ಗೆ ಏಳಕ್ಕೆ ನಮ್ಮ ಕಂಪ್ಯೂಟರಿಗೆ ಬಂದು ಬಿದ್ದಿರುತ್ತದೆ. ಚಿತ್ರ ಇರುವುದಿಲ್ಲ, ಬರೀ ದನಿ. ಪ್ರತಿ ಮಾತಿನ ಮುಂದೆ ಆಡಿದವರ ಹೆಸರು ಹಾಕಬೇಕು. ನಮ್ಮ ಅನುಕೂಲಕ್ಕೆ ಆ ದೇಶದ ಅಧ್ಯಕ್ಷರ ಪಕ್ಷದವರಿಗೆ ಕೆಂಪು, ಎದುರು ಪಕ್ಷದವರಿಗೆ ನೀಲಿ ಬಣ್ಣ ಕೊಟ್ಟಿದ್ದೆವು. ದನಿ ಯಾರದೆಂದು ತಿಳಿಯದಿದ್ದರೆ ತಿಳಿಯಲಿಲ್ಲ ಎಂದೇ ಬರೆಯಬೇಕು, ಊಹಿಸಕೂಡದು. ಇದು ಮೊದಲ ದಿನವೇ ಹೇಳಿಕೊಡುವ ನಿಯಮ.

ಕೆಲವು ವರ್ಷ ಕಳೆದ ಮೇಲೆ ಕೇಳುವ ಅಗತ್ಯವೇ ಇಲ್ಲ ಅನ್ನಿಸತೊಡಗಿತು. ಕೆಂಪಿನವರು ತಮ್ಮ ಸರ್ಕಾರದ ಅಧಿಕಾರಿಗೆ ನಿಮ್ಮ ಸೇವೆ ದೊಡ್ಡದು ಎಂದು ಹಾರ ಹಾಕುತ್ತಾರೆ. ನೀಲಿಯವರು ಬೈಯುತ್ತಾರೆ, ಉತ್ತರ ಬರುವ ಮುಂಚೆ ಮತ್ತೆ ಬೈಯುತ್ತಾರೆ. ಸರ್ಕಾರ ಬದಲಾದರೆ ಅದೇ ಮಾತುಗಳು ಬಾಯಿ ಬದಲಿಸುತ್ತವೆ, ಅಷ್ಟೆ. ನಡುವೆ ಕೂತ ಅಧಿಕಾರಿ ಮಾತ್ರ ಎಲ್ಲ ಸರ್ಕಾರದಲ್ಲೂ ಒಂದೇ ಉತ್ತರ ಕೊಡುತ್ತಾನೆ: ನನಗೆ ಆ ವಿಷಯ ಸರಿಯಾಗಿ ನೆನಪಿಲ್ಲ. ಇದು ಎಷ್ಟು ಸಲ ಬರುತ್ತಿತ್ತೆಂದರೆ ಮೂರು ಅಕ್ಷರ ಒತ್ತಿದರೆ ಇಡೀ ವಾಕ್ಯ ತಾನಾಗಿ ಬೀಳುವ ಹಾಗೆ ನಮ್ಮ ಮಾಮಿ ಒಂದು ಏರ್ಪಾಡು ಮಾಡಿಟ್ಟಿದ್ದರು.

ಮಾಮಿ ಎಂದರೆ ನಮ್ಮಲ್ಲಿ ಟೈಪ್ ಮಾಡುವವರಲ್ಲಿ ಹಿರಿಯರು, ಐವತ್ತೈದು ದಾಟಿದವರು. ತಲೆಮಾರುಗಳಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಮಾಧ್ವರ ಮನೆ. ಮನೆಯಲ್ಲಿ ಕನ್ನಡ, ಅದರ ತುಂಬ ತಮಿಳು. ಮುಂಚೆ ಇಪ್ಪತ್ತು ವರ್ಷ ಡಾಕ್ಟರುಗಳು ಗೊಣಗಿದ್ದನ್ನು ಟೈಪ್ ಮಾಡಿ ಪಳಗಿದ ಕಿವಿ. ಗಂಡನಿಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದದ್ದು ಇವರ ದುಡಿಮೆಯಿಂದ. ನಮ್ಮ ಹಾಗೆ ಕಾಯಂ ಅಲ್ಲ, ವರ್ಷಕ್ಕೊಮ್ಮೆ ಒಪ್ಪಂದ ಮುಂದುವರಿಯಬೇಕು.

ಅವರಲ್ಲಿ ಒಂದು ಅಭ್ಯಾಸವಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಕೂತಾಗ ನಡುನಡುವೆ ನಾಲಿಗೆಯಲ್ಲಿ ಲೊಚಗುಟ್ಟುವರು. ನಾನು ಗಮನಿಸಿದೆ. ಹೆಚ್ಚಾಗಿ ಕೆಂಪಿನವರು, ಅವರ ಅಧಿಕಾರಿಗಳು ಮಾತಾಡುವಾಗಲೇ ಲೊಚಗುಟ್ಟುತ್ತಾರೆ ಎಂದು ಲೆಕ್ಕ ಹಾಕಿ, ಈಕೆ ನೀಲಿಯ ಕಡೆಯವರು ಎಂದು ತೀರ್ಮಾನಿಸಿದೆ. ಅಂದಿನಿಂದ ಅವರ ಕಡತಗಳನ್ನು ಎರಡು ಪಟ್ಟು ಹುಷಾರಾಗಿ ನೋಡತೊಡಗಿದೆ. ಹುಷಾರು ಎನ್ನುವುದು ನಾನು ಆಗ ಕೊಟ್ಟುಕೊಂಡ ಹೆಸರು.

ಒಂದು ದಿನ ನಮಗೆ ಈ ಕೆಲಸ ಕೊಡುವ ಅಮೆರಿಕದ ಗಿರಾಕಿಯಿಂದ ಕಾಗದ ಬಂತು. ಹಿಂದಿನ ವಾರದ ವಿಚಾರಣೆಯಲ್ಲಿ ಒಬ್ಬ ಸದಸ್ಯ ಅಧಿಕಾರಿಯನ್ನು ನೇರವಾಗಿ, ಆ ಆದೇಶ ಕೊಟ್ಟದ್ದು ಯಾರು, ಹೆಸರು ಹೇಳಿ ಎಂದು ಕೇಳಿದ್ದ. ಕೇಳಿದವನು ಅಧ್ಯಕ್ಷರ ಪಕ್ಷದವನೇ. ನಮ್ಮ ಪ್ರತಿಯಲ್ಲಿ ಆ ಪ್ರಶ್ನೆ ಎದುರು ಪಕ್ಷದವನ ಹೆಸರಿನಲ್ಲಿತ್ತು. ತನ್ನವರ ಕೋಪ ಕಟ್ಟಿಕೊಂಡು ಕೇಳಿದ ಒಂದೇ ಒಂದು ಪ್ರಶ್ನೆಯನ್ನು ಯಾರೋ ಬೇಕೆಂದೇ ಕದ್ದಿದ್ದಾರೆ ಎಂದು ಆ ಸದಸ್ಯ ಕೂಗಾಡಿದ್ದನಂತೆ. ನಿಮ್ಮಲ್ಲಿ ಯಾರಾದರೂ ಒಂದು ಪಕ್ಷದವರಿದ್ದಾರೆಯೇ ಎಂದು ಗಿರಾಕಿ ಕೇಳಿದ್ದ.

ಕಡತ ಮಾಮಿಯದು. ನೀಲಿಯವರಿಗೆ ಕೀರ್ತಿ ಕೊಡಲು ಮಾಡಿದ ಕೆಲಸ, ಸಿಕ್ಕಿಬಿದ್ದರು ಎಂದುಕೊಂಡೆ. ಸುಳ್ಳೇಕೆ, ಖುಷಿಯಾಯಿತು. ಒಂದೊಂದು ಸಾಲನ್ನೂ ಯಾರು ಯಾವಾಗ ಬದಲಿಸಿದರೆಂಬ ಪಟ್ಟಿ ತೆರೆಯಲು ನನಗೊಬ್ಬನಿಗೇ ಅಧಿಕಾರ. ಮೀಟಿಂಗಿಗೆ ಕಾಲು ಗಂಟೆ ಮುಂಚೆ ತೆರೆದೆ.

ಮಾಮಿ ಕೆಂಪೇ ಹಾಕಿದ್ದರು. ಅದನ್ನು ನೀಲಿ ಮಾಡಿದವನು ನಾನು.

ಆಗ ಎಲ್ಲ ನೆನಪಾಯಿತು. ಆ ಸಾಲು ಓದಿ ನಕ್ಕಿದ್ದೆ. ತನ್ನ ಪಕ್ಷದ ಅಧಿಕಾರಿಯನ್ನೇ ಯಾವ ಪುಣ್ಯಾತ್ಮ ಹೀಗೆ ಕೇಳುತ್ತಾನೆ, ಮಾಮಿಗೆ ವಯಸ್ಸಾಯಿತು ಎಂದುಕೊಂಡು, ಆಡಿಯೋ ಕೇಳುವ ಗೋಜಿಗೂ ಹೋಗದೆ ಹೆಸರು ಬದಲಿಸಿದ್ದೆ. ಎಲ್ಲರನ್ನೂ ಅನುಮಾನಿಸುವ ನಾನು ನನ್ನ ಅನುಮಾನವನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

ಮೀಟಿಂಗಿನಲ್ಲಿ ಎಂಟು ಜನರಿದ್ದೆವು. ಮ್ಯಾನೇಜರ್ ಮೊದಲು ಮಾಮಿಯನ್ನು ಕೇಳಿದರು. "ನಾನು ಕೆಂಪೇ ಹಾಕಿದ್ದೆ. ಆ ದನಿ ನಂಗೆ ನಲ್ಲಾ ಗೊತ್ತು," ಎಂದರು ಮಾಮಿ. ಮ್ಯಾನೇಜರ್ ನನ್ನ ಕಡೆ ತಿರುಗಿ, ನೀವು ಏನಾದರೂ ತಿದ್ದಿದ್ದಿರಾ ಎಂದರು.

"ಸರಿಯಾಗಿ ನೆನಪಿಲ್ಲ," ಎಂದೆ.

ಮೂರು ಅಕ್ಷರ ಒತ್ತಿದ ಹಾಗೆ ಇಡೀ ವಾಕ್ಯ ತಾನಾಗಿ ಬಿತ್ತು. ಮಾಮಿ ನನ್ನನ್ನೇ ನೋಡಿದರು. ಪಟ್ಟಿ ತೆರೆದು ನೋಡೋಣ ಎಂದು ಉಳಿದವರಲ್ಲಿ ಒಬ್ಬರೂ ಹೇಳಲಿಲ್ಲ. ಅವರೆಲ್ಲ ನನ್ನ ಕಡೆಯವರು, ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರುವವರು. ತಪ್ಪು ಕೇಳಿಸಿಕೊಂಡವರ ಒಪ್ಪಂದ ಇಂದಿಗೇ ಮುಗಿಸಿದ್ದೇವೆ ಎಂದು ಗಿರಾಕಿಗೆ ಉತ್ತರ ಹೋಯಿತು.

ಅಂದು ಸಂಜೆ ಗಿಂಡಿ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಮಾಮಿ ನಿಂತಿದ್ದರು. ಅವರದು ಬೀಚ್ ಕಡೆಯ ಗಾಡಿ, ನನ್ನದು ತಾಂಬರಂ ಕಡೆಯದು. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ.

"ಪಟ್ಟಿ ನೋಡಿದ್ಯಾ ಪಾ?"

"ನೋಡಿದೆ ಮಾಮಿ."

"ಯಾರ ಹೆಸರು ಇತ್ತು?"

"ನಂದು."

ಅವರು ಬೈಯಲಿಲ್ಲ. ಲೊಚಗುಟ್ಟಿದರು. ಅದು ಕೆಂಪಿಗೂ ಅಲ್ಲ, ನೀಲಿಗೂ ಅಲ್ಲ, ಯಾರಾದರೂ ಜಾರಿಕೊಂಡಾಗ ಬರುವ ಸದ್ದು ಎಂದು ನನಗೆ ಆಗ ತಿಳಿಯಿತು. "ನಂಗೆ ಹೇಳಿ ಏನು ಪ್ರಯೋಜನ? ಅಲ್ಲಿ ಕೇಳಿದಾಗ ಹೇಳಬೇಕಿತ್ತು," ಎಂದು ಮೆಟ್ಟಿಲು ಹತ್ತಿದರು.

ಮರುದಿನ ಮ್ಯಾನೇಜರರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಗಿರಾಕಿ ಸಮಾಧಾನವಾಗಿದ್ದಾನೆ, ತಿದ್ದುವವನೇ ತಪ್ಪು ಮಾಡಿದ ಎಂದರೆ ಇಡೀ ಕೆಲಸ ಕೈತಪ್ಪುತ್ತದೆ, ಇಲ್ಲಿಗೇ ಮುಚ್ಚಿಬಿಡಿ ಎಂದರು. ಆಗಲಿ ಎಂದೆ. ಒಳಗೊಳಗೇ ಉಸಿರು ಹಗುರಾಯಿತು. ಕೊನೆಗೆ ಅವರು, ಇದು ಬೇರೆ ಯಾರಿಗಾದರೂ ಗೊತ್ತಿದೆಯೇ ಎಂದು ಕೇಳಿದರು.

ಯಾರಿಗೂ ಇಲ್ಲ ಎಂದೆ. ಹೊರಗೆ ಬಂದು, ಮಾಮಿಯ ಖಾಲಿ ಕುರ್ಚಿ ದಾಟಿ ನನ್ನ ಜಾಗದಲ್ಲಿ ಕೂತ ಮೇಲೆಯೇ ಹೊಳೆದದ್ದು, ಅವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.