ನಾನು ಸರ್ವರ್ ಆದ ಮಧ್ಯಾಹ್ನ

ಬೆಳಿಗ್ಗೆ ಬ್ಯಾಂಕಿನ ಆ್ಯಪ್ ತೆರೆದರೆ ‘ವೆರಿಫೈಯಿಂಗ್, ಪ್ಲೀಸ್ ವೇಟ್’ ಎಂದು ಚಕ್ರವೊಂದು ತಿರುಗತೊಡಗಿತು. ಕಾನ್ವೆಂಟಿನಲ್ಲಿ ಕಲಿತವಳಿಗೆ ವೇಟ್ ಮಾಡುವುದು ಹೊಸದಲ್ಲ. ಕಾಯುತ್ತ ಕೂತಾಗ, ನಾನೇ ಸರ್ವರ್ ಆಗಿದ್ದ ಒಂದು ಮಧ್ಯಾಹ್ನ ನೆನಪಾಯಿತು. ನಗಬೇಡಿ.

ಆಗ ವಿಜಯಪುರದ ನಮ್ಮ ಮನೆಯ ಮಹಡಿಯಲ್ಲಿ ಶಬಾನಾ ಬಾಡಿಗೆಗಿದ್ದಳು. ತಿಕೋಟಾ ಕಡೆ ಒಣದ್ರಾಕ್ಷಿ ಮಾಡುವವರ ಫೋನಿಗೆ ಮಳೆಯ ಸುದ್ದಿ ಮುಟ್ಟಿಸುವ ಆ್ಯಪ್ ಬರೆಯುತ್ತಿದ್ದಳು. ಬಿಜ್ಜರಗಿಯಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಗಂಗವ್ವನ ವರ್ಷದ ಬೆಳೆಯೆಲ್ಲ ಶೆಡ್ಡಿನಲ್ಲಿ ಒಣಗುತ್ತಿತ್ತು. ತೊಯ್ದರೆ ಕಪ್ಪಾಗಿ ಕೆಟ್ಟುಹೋಗುತ್ತದೆ. ಸುದ್ದಿಯೋ, ಒಮ್ಮೆ ಮುಟ್ಟುತ್ತಿತ್ತು, ಒಮ್ಮೆ ಇಲ್ಲ.

“ಪ್ರೋಗ್ರಾಮಿನ್ಯಾಗ ಇಬ್ಬರು ಆಳು ಇದ್ದಂಗ್ರಿ ಆಂಟಿ, ಥ್ರೆಡ್ ಅಂತೀವಿ,” ಎಂದಳು ಶಬಾನಾ. “ಒಬ್ಬಾಂವ ಪಾಸ್‌ವರ್ಡ್ ಹೇಳಬೇಕು, ಇನ್ನೊಬ್ಬಾಂವ ಸುದ್ದಿ ಒಯ್ಯಬೇಕು. ಸುದ್ದಿಯಾಂವ ಮೊದಲ ಮುಟ್ಟಿದ್ರ ಸರ್ವರ್ ಹೊರಗ ದಬ್ಬತೈತಿ. ನಾ ನೋಡಾಕ ಕುಂತ್ರ ಇಬ್ಬರೂ ಶಾಣ್ಯಾರಾಗತಾರ.”

ಸಿಸ್ಟರ್ ಕ್ಲಾಸಿಗೆ ಬಂದಾಗ ನಾವೂ ಹಾಗೆಯೇ. ರೋಗ ನನಗೆ ಚೆನ್ನಾಗಿ ಅರ್ಥವಾಯಿತು.

ಅಂದು ಗಂಗವ್ವ ಗಂಡನೊಡನೆ ನಮ್ಮಲ್ಲಿಗೆ ಬಂದಿದ್ದಳು. ಶಬಾನಾ ನಮ್ಮನ್ನೇ ಆಡಿಸಿ ನೋಡುವೆನೆಂದಳು. ಬಾಗಿಲಲ್ಲಿ ನಾನು ಸರ್ವರ್, ಮೈದುನ ಪಾಸ್‌ವರ್ಡು, ಗಂಗವ್ವ ಸುದ್ದಿ. ಇಬ್ಬರೂ ಗೇಟಿನಿಂದ ಒಟ್ಟಿಗೆ ಹೊರಟರು. ಮೈದುನ ಅಲ್ಲೇ ಯಾರ ಜೊತೆಗೋ ಈರುಳ್ಳಿಯ ಮಾತಿಗೆ ನಿಂತರು.

“ಯಕ್ಕಾ, ಮಳಿ ಬರಾಕತ್ತೈತಿ,” ಎಂದಳು ಮೊದಲೇ ಬಾಗಿಲು ಮುಟ್ಟಿದ ಗಂಗವ್ವ.

“ಹೂ ಆರ್ ಯೂ? ತಾವು ಯಾರು?”

“ಸಾಕ್ ಬಿಡ, ಒಳಗ ಬರ್ತೀನಿ.”

“ಗುರುತು ಸಿಗಲಿಲ್ಲ. ಹೊರಗೇ ಇರಿ,” ಎಂದೆ. ಸ್ಕೂಲ್ ಡ್ರಾಮಾದಲ್ಲಿ ನನಗೆ ಬಹುಮಾನ ಬಂದಿತ್ತು; ಅದೇ ಮುಳುವಾಯಿತು.

ಗಂಗವ್ವನ ಮುಖ ಇಳಿಯಿತು. “ಲಗ್ನಾಗಿ ಬಂದಾಗಿಂದ ಈ ಬಾಗಲಾ ಬಡದಾಕಿ ಅಲ್ಲ ನಾ. ಇವತ್ತ ಗುರ್ತ ಸಿಗಲಿಲ್ಲೇನ?”

ಶಬಾನಾ ಖುಷಿಯಿಂದ ಮಹಡಿಗೆ ಓಡಿದಳು. ಪಾಸ್‌ವರ್ಡಿನವನು ‘ಆತು’ ಅನ್ನುವ ತನಕ ಸುದ್ದಿಯವನನ್ನು ನಿಲ್ಲಿಸಿದಳಂತೆ, ಸಾಫ್ಟ್‌ವೇರ್ ಸರಿಹೋಯಿತು. ಗಂಗವ್ವ ಊರಿಗೆ ಹೋಗುವ ಬಸ್ಸಿನಲ್ಲೇ ಆ್ಯಪ್ ಅಳಿಸಿಹಾಕಿದಳು.

ಮುಂದಿನ ವಾರ ಮೋಡ ಕವಿಯಿತು. ಊರಿಗೆಲ್ಲ ಸುದ್ದಿ ಮುಟ್ಟಿತು, ಅವಳೊಬ್ಬಳನ್ನು ಬಿಟ್ಟು. ನಾನೇ ಫೋನ್ ಹಚ್ಚಿದೆ. ಹಲೋ ಅನ್ನಲೂ ಪುರಸೊತ್ತಿಲ್ಲ.

“ಗಂಗವ್ವಾ, ಮಳಿ ಬರಾಕತ್ತೈತಿ, ತಾಡಪತ್ರಿ ಹಾಕ ಬೇ.”

“ಯಾರ್ರಿ ಮಾತಾಡೂದು?” ಎಂದಳು, ತಣ್ಣಗೆ. “ಗುರ್ತ ಸಿಗಲಿಲ್ರಿ.”

ಆದರೆ ಹಿಂದೆ ಪ್ಲಾಸ್ಟಿಕ್ ತಾಡಪತ್ರಿ ಎಳೆಯುವ ಸದ್ದು ಕೇಳುತ್ತಿತ್ತು. “ಏನ್ರಿ, ಆ ತುದಿ ಹಿಡೀರಿ ಲಗೂನ,” ಎಂದು ಗಂಡನಿಗೆ ಕೂಗಿ, ಮತ್ತೆ ನನಗೆ, “ಯಾರಂದ್ರಿ?” ದ್ರಾಕ್ಷಿ ಉಳಿಯಿತು.

ಬ್ಯಾಂಕಿನ ಆ್ಯಪ್ ಇನ್ನೂ ನಾನು ಯಾರೆಂದು ಯೋಚಿಸುತ್ತಿತ್ತು. ಅದನ್ನು ಮುಚ್ಚಿ ಬಿಜ್ಜರಗಿಗೆ ಫೋನ್ ಹಚ್ಚಿದೆ, ನನ್ನ ಮೊಣಕಾಲಿನ ಕಥೆಯನ್ನು ನಡುವಿನಿಂದಲೇ ಶುರುಮಾಡಿದೆ. ಅತ್ತಲಿಂದ ಗಂಗವ್ವ, ಯಾರೆಂದು ಕೇಳದೆಯೇ, ತನ್ನ ಮೇಕೆಯ ಬಾಣಂತನದ ಕಥೆಯ ಅರ್ಧಕ್ಕೆ ಬಂದಾಗಿತ್ತು.