ಆಯುಧಪೂಜೆಗೆ ನಿಂತ ತುಂತುರು

ಕಳಸದ ಕ್ಲಬ್ಬಿನ ನೋಟಿಸ್ ಬೋರ್ಡ್ ಓದುವ ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಕಾಫಿ ಎಸ್ಟೇಟಿನ ಮೇಸ್ತ್ರಿ ನಾನು ನೋಡಿಕೊಳ್ಳೋ ನರ್ಸರಿಯ ಹೊಸ ಯಂತ್ರಕ್ಕೂ ಆಯುಧಪೂಜೆ ಮಾಡಿ, ದಪ್ಪನೆಯ ಚೆಂಡುಹೂವಿನ ಹಾರ ಹಾಕಿದ.

ಆ ಯಂತ್ರ ತಕ್ಕಡಿ ಥರದ್ದು. ತುದಿಯಲ್ಲೊಂದು ತಂತಿಬಲೆ ಇದೆ. ಬಲೆ ನೆನೆದು ಭಾರವಾದ್ರೆ ಕೆಳಗಿಳಿದು ನೀರಿನ ತುಂತುರು ನಿಲ್ಲಿಸುತ್ತೆ. ಒಣಗಿ ಹಗುರಾದ್ರೆ ಮೇಲೆದ್ದು ಮತ್ತೆ ಶುರು ಮಾಡುತ್ತೆ. ಇನ್ನೂ ಬೇರು ಬಿಡದ ರೊಬಸ್ಟಾ ಕಾಫಿ ಕಡ್ಡಿಗಳಿಗೆ ಆ ತುಂತುರೇ ಜೀವ. ಪುಣ್ಯಾತ್ಮ ಹಾರ ಹಾಕಿದ್ದು ಸರಿಯಾಗಿ ಆ ಬಲೆಗೇ!

ಮಧ್ಯಾಹ್ನ ಹೋಗಿ ನೋಡಿದ್ರೆ ಸುಡುಬಿಸಿಲು, ತೊಟ್ಟು ನೀರಿಲ್ಲ, ಎಲೆಗಳೆಲ್ಲ ಜೋತುಬಿದ್ದಿವೆ. ಮೈಯೆಲ್ಲ ಉರಿದುಹೋಯ್ತು. ಹಾರಕ್ಕೆ ಕೈ ಹಾಕಿದೆ.

"ತೆಗೀಬೇಡಿ ಸಾರ್! ಪೂಜೆ ಆದ ಆಯುಧ ನಾಳೆವರೆಗೆ ಮುಟ್ಟೋ ಹಾಗಿಲ್ಲ. ಅದಕ್ಕೂ ಒಂದಿನ ರಜೆ ಬೇಡ್ವಾ?" ಅಂದ ಮೇಸ್ತ್ರಿ.

"ಕಡ್ಡಿ ಸತ್ತರೆ ನೀನು ಬದುಕಿಸ್ತೀಯಾ ಮಾರಾಯ? ಮೂರು ವಾರದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದೀನಿ!"

ನನ್ನ ಕಿರುಚಾಟ ಕೇಳಿ ಎಸ್ಟೇಟಿನ ಒಡೆಯ ಸಾಹುಕಾರ್ರು ಬಂದ್ರು. ಕಡ್ಡಿಗಳ ಕಡೆ ತಿರುಗಿಯೂ ನೋಡ್ಲಿಲ್ಲ. "ಹಬ್ಬದ ದಿನ ಕೆಲಸದವರ ಮನಸ್ಸು ನೋಯಿಸ್ಬೇಡಿ. ಹಾರ ಇರ್ಲಿ, ನೀವೇ ಒಂಚೂರು ನೀರು ಹಾಕಿ" ಅಂದು ಹೊರಟೇಹೋದ್ರು.

ನೀರಿನ ಕ್ಯಾನ್ ಎತ್ತಕ್ಕೆ ಹೋದೆ. ಅದರ ಮೂತಿಗೂ ಕುಂಕುಮ! ಪಂಪಿಗೂ ಕುಂಕುಮ, ಬಕೆಟ್ಟಿಗೂ ಕುಂಕುಮ. ಕೊನೆಗೆ ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ತುಂಬಿಕೊಂಡು ಕತ್ತಲಾಗೋವರೆಗೂ ಚಿಮುಕಿಸಿದೆ.

ನನಗೆ ಪೂಜೆ ಆಗದೇ ಇದ್ದಿದ್ರಿಂದ, ಇಡೀ ಎಸ್ಟೇಟಲ್ಲಿ ಇವತ್ತು ಕೆಲಸ ಮಾಡಿದ ಯಂತ್ರ ನಾನೊಬ್ಬನೇ.